ವಾರ್ಡುಗಳ ಎಲ್ಲೆಯೂ ಪೌರರ ಹಕ್ಕೂ

ಬೆಂಗಳೂರು ಮಹಾನಗರದ ಪೌರರು 2015ನೆಯ ಇಸವಿ ಆಗಸ್ಟ್ 22ರಂದು ತಮ್ಮ ಕೌನ್ಸಿಲರುಗಳನ್ನು ಚುನಾಯಿಸಿದರು. ಆ ಸಭೆಯ ಅವಧಿ 2020ನೆಯ ಇಸವಿ ಸೆಪ್ಟೆಂಬರ್ 10ರಂದು ಮುಗಿಯಿತು. ಅಂದಿನಿಂದ 2025ನೆಯ ಇಸವಿ ಮುಗಿಯುವವರೆಗೆ, ಎಂದರೆ ಸಭೆಯೊಂದರ ಪೂರ್ಣಾವಧಿಗಿಂತಲೂ ಹೆಚ್ಚು ಕಾಲ, ರಾಜಧಾನಿಯ ಪೌರಾಡಳಿತವು ಒಬ್ಬನೇ ಒಬ್ಬ ಜನಪ್ರತಿನಿಧಿಯ ಮಾತನ್ನೂ ಕೇಳದೆ ಅಧಿಕಾರಿಗಳ ಕೈಯಲ್ಲಿ ನಡೆಯಿತು. ಇದೇ ಕಾಲದಲ್ಲಿ ವಾರ್ಡುಗಳ ಭೂಪಟವು ಮೂರು ಸಲ ಬರೆಯಲ್ಪಟ್ಟಿತು. 198 ಇದ್ದದ್ದು 243 ಆಯಿತು. 243 ಎಂಬುದು 225ಕ್ಕೆ ಇಳಿಯಿತು. ಆಮೇಲೆ ನಗರವನ್ನೇ ಐದು ಭಾಗ ಮಾಡಿ 369ಕ್ಕೆ ಏರಿಸಿದ್ದಾಯಿತು. ಭೂಪಟ ಮೂರು ಸಲ ಹೊರಬಂದಿತು, ಮತದ ಪೆಟ್ಟಿಗೆ ಮಾತ್ರ ಒಂದು ಸಲವೂ ಹೊರಬರಲಿಲ್ಲ. ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆಯನ್ನು ನಮ್ಮ ವಾಚಕರು ಬಲ್ಲರು. ಇಲ್ಲಿ ಡೊಂಕೆಂದು ಹೇಳಲ್ಪಟ್ಟದ್ದು ನೆಲವಲ್ಲ, ನೆಲದ ನಕ್ಷೆ; ಇಷ್ಟೇ ಭೇದ.

ವಾರ್ಡಿನ ಎಲ್ಲೆಯೆಂಬುದು ಕೇವಲ ಸರ್ವೆ ಇಲಾಖೆಯವರ ಕೆಲಸವೆಂದು ಭಾವಿಸುವವರು ವಿದ್ಯಾವಂತರಲ್ಲಿಯೂ ಅನೇಕರಿದ್ದಾರೆ. ಗೆರೆಯು ಈ ಬೀದಿಯ ಈಚೆ ಬಿದ್ದರೇನು, ಆಚೆ ಬಿದ್ದರೇನು ಎಂದು ಅವರ ಕೇಳಿಕೆ. ಬಹಳ ಆಗುತ್ತದೆ ಎಂಬುದೇ ನಮ್ಮ ಉತ್ತರ. ಒಂದು ಬಡಾವಣೆಯನ್ನು ಎರಡಾಗಿ ಸೀಳಿ ಎರಡು ವಾರ್ಡುಗಳಿಗೆ ಹಂಚಿದರೆ ಆ ಬಡಾವಣೆಯವರು ಎರಡು ಕಡೆಯಲ್ಲಿಯೂ ಅಲ್ಪಸಂಖ್ಯಾತರಾಗುತ್ತಾರೆ. ಅವರ ಚರಂಡಿಯ ಮಾತನ್ನು ಇಬ್ಬರು ಕೌನ್ಸಿಲರುಗಳೂ ಪರಸ್ಪರರ ಮೇಲೆ ಹಾಕುತ್ತಾರೆ. ಒಂದು ಕೆರೆಯ ನೀರು ಒಂದು ವಾರ್ಡಿನಿಂದ ಹೊರಟು ಮೂರು ವಾರ್ಡುಗಳನ್ನು ದಾಟುವಲ್ಲಿ ರಾಜಕಾಲುವೆಯ ಹೂಳಿಗೆ ಹೊಣೆಗಾರರು ಯಾರು? ಹಾಗೆಯೇ, ಒಂದು ಪಕ್ಷಕ್ಕೆ ಮತ ಕೊಡತಕ್ಕವರೆಂದು ಹೆಸರಾದ ಮೊಹಲ್ಲಾಗಳನ್ನೆಲ್ಲ ಒಂದೇ ವಾರ್ಡಿಗೆ ತುಂಬಿದರೆ ಆ ಪಕ್ಷವು ಒಂದು ಸ್ಥಾನವನ್ನು ಭಾರಿ ಬಹುಮತದಿಂದ ಗೆದ್ದು ಸುತ್ತಲಿನ ನಾಲ್ಕನ್ನು ಸೋಲುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ 1812ನೆಯ ಇಸವಿಯಲ್ಲಿ ಗವರ್ನರ್ ಎಲ್‌ಬ್ರಿಜ್ ಗೆರಿಯು ಒಪ್ಪಿಗೆಯಿತ್ತ ಕ್ಷೇತ್ರವೊಂದರ ಆಕಾರವು ಹಲ್ಲಿಯಂಥ ಒಂದು ಜಂತುವನ್ನು ಹೋಲುತ್ತದೆಂದು ಪತ್ರಿಕೆಯವರು ಹಾಸ್ಯಮಾಡಿದರು. ಆ ಗವರ್ನರನ ಹೆಸರೇ ಇಂಥ ಕೈಚಳಕಕ್ಕೆ ಅಂಟಿಕೊಂಡು ಇಂದಿಗೂ ಉಳಿದಿದೆ. ವಿದ್ಯೆ ಹಳೆಯದು. ನಮ್ಮವರು ಅದನ್ನು ಕಲಿಯಲು ಹಡಗು ಹತ್ತಬೇಕಾಗಿರಲಿಲ್ಲ.

ಹಾಗೆಂದು ಎಲ್ಲೆಗಳನ್ನು ಮುಟ್ಟಲೇಬಾರದೆಂಬುದು ನಮ್ಮ ಅಭಿಪ್ರಾಯವಲ್ಲ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಏರ್ಪಟ್ಟಾಗ ಹಳೆಯ 100 ವಾರ್ಡುಗಳ ನಗರಕ್ಕೆ 7 ನಗರಸಭೆಗಳೂ, 1 ಪುರಸಭೆಯೂ, 110 ಗ್ರಾಮಗಳೂ ಬಂದು ಸೇರಿದವು. ಆಗ ಮಾಡಿದ 198 ವಾರ್ಡುಗಳು 2001ರ ಖಾನೇಷುಮಾರಿಯನ್ನು ಆಧರಿಸಿದ್ದವು. 2011ರ ಖಾನೇಷುಮಾರಿಯಲ್ಲಿ ನಗರದ ಜನಸಂಖ್ಯೆ 84,43,675 ಎಂದು ಕಂಡುಬಂದಿತು. ವಾರ್ಡೊಂದಕ್ಕೆ ಸರಾಸರಿ 42 ಸಾವಿರದ ಮೇಲೆ ಸ್ವಲ್ಪ. ಆದರೆ ಸರಾಸರಿಯ ಲೆಕ್ಕದಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ. ಹೊರವಲಯದ ಹೊರಮಾವು ವಾರ್ಡಿನಲ್ಲಿ 95 ಸಾವಿರದಷ್ಟು ಜನರಿದ್ದರು. ಒಳನಗರದ ಕೆಲವು ವಾರ್ಡುಗಳಲ್ಲಿ 30 ಸಾವಿರವೂ ಇರಲಿಲ್ಲ. ಎಂದರೆ ಹೊರಮಾವಿನ ಪೌರನ ಒಂದು ಮತವು ಒಳಪೇಟೆಯ ಪೌರನ ಮತದ ಮೂರನೆಯ ಒಂದು ಪಾಲಿಗೆ ಸಮನಾಗಿತ್ತು. ತೆರಿಗೆಯಲ್ಲಿ ಮಾತ್ರ ಅವನಿಗೆ ಮೂರನೆಯ ಎರಡು ಪಾಲು ವಜಾ ಇರಲಿಲ್ಲ. ಇಂಥ ಅಸಮತೆಯನ್ನು ಸರಿಪಡಿಸುವುದು ನ್ಯಾಯವಾದ ಕಾರ್ಯವೇ ಸರಿ. ನಮ್ಮ ಆಕ್ಷೇಪಣೆಯಿರುವುದು ಕಾರ್ಯದ ಮೇಲಲ್ಲ, ಅದನ್ನು ನಡೆಯಿಸಿದ ಕಾಲ, ಕ್ರಮ ಮತ್ತು ಕೈಗಳ ಮೇಲೆ.

ನಡೆದ ಸಂಗತಿಗಳನ್ನು ಕ್ರಮವಾಗಿ ನೋಡೋಣ. 2020ರ ಡಿಸೆಂಬರ್ 4ರಂದು ಕರ್ನಾಟಕದ ಹೈಕೋರ್ಟು ಇದ್ದ 198 ವಾರ್ಡುಗಳಿಗೇ ಬೇಗನೆ ಚುನಾವಣೆ ನಡೆಯಿಸತಕ್ಕದ್ದೆಂದು ತೀರ್ಪಿತ್ತಿತು. ಸರ್ಕಾರದವರು ವಾರ್ಡುಗಳ ಸಂಖ್ಯೆಯನ್ನು ಹೆಚ್ಚಿಸುವ ಹೊಸ ಶಾಸನವನ್ನು ಮುಂದೊಡ್ಡಿ ಸುಪ್ರೀಂ ಕೋರ್ಟಿಗೆ ಹೋದರು. ಅದೇ ತಿಂಗಳಿನಲ್ಲಿ ಆ ತೀರ್ಪಿಗೆ ತಡೆ ಬಂದಿತು. 243 ವಾರ್ಡುಗಳ ಪಟ್ಟಿ ಕಡೆಗೂ ಹೊರಬಿದ್ದದ್ದು 2022ರ ಜುಲೈ ತಿಂಗಳಿನಲ್ಲಿ. ಅದರ ಕರಡನ್ನು ಪರಿಶೀಲಿಸಿ ಆಕ್ಷೇಪಣೆ ಹೇಳಲು ಪೌರರಿಗೆ ಕೊಟ್ಟದ್ದು 15 ದಿನ. ಒಂದೂವರೆ ವರ್ಷ ಅಧಿಕಾರಿಗಳು ಕುಳಿತು ಬರೆದದ್ದನ್ನು ಎಂಬತ್ತನಾಲ್ಕು ಲಕ್ಷ ಜನ ಹದಿನೈದು ದಿನಗಳಲ್ಲಿ ಓದಿ ಅರ್ಥಮಾಡಿಕೊಂಡು ಅರ್ಜಿ ಬರೆಯಬೇಕು! ಆ ಭೂಪಟದಲ್ಲಿ ಜನರು ತಲೆತಲಾಂತರದಿಂದ ಕರೆಯುತ್ತ ಬಂದ ಊರು ಬಡಾವಣೆಗಳ ಹೆಸರು ಹೋಗಿ ಇತಿಹಾಸಪುರುಷರ ಹೆಸರು ಬಂದ ವಾರ್ಡುಗಳೂ ಇದ್ದವು. ತನ್ನ ಮನೆ ಯಾವ ವಾರ್ಡಿನಲ್ಲಿದೆಯೆಂದು ಮನೆಯ ಯಜಮಾನನೇ ತಿಳಿಯಲಾರದಾದನು. ಆಗಸ್ಟ್ ತಿಂಗಳಿನಲ್ಲಿ ಮೀಸಲು ಸ್ಥಾನಗಳ ಪಟ್ಟಿ ಬಂದಿತು. ವಿರೋಧಪಕ್ಷದ ಶಾಸಕರಿರುವ ಕ್ಷೇತ್ರಗಳಲ್ಲಿ ಮಹಿಳೆಯರ ಮೀಸಲನ್ನು ರಾಶಿಹಾಕಿ, ಅಲ್ಲಿಯ ಹಳೆಯ ಸದಸ್ಯರಿಗೆ ನಿಲ್ಲಲು ಎಡೆಯಿಲ್ಲದಂತೆ ಮಾಡಿದ್ದಾರೆಂಬ ದೂರು ಹೈಕೋರ್ಟಿಗೆ ಹೋಯಿತು. ಸೆಪ್ಟೆಂಬರ್ 30ರಂದು ಹೈಕೋರ್ಟು ಆ ಪಟ್ಟಿಯನ್ನು ರದ್ದುಮಾಡಿ, ಹೊಸದನ್ನು ಸಿದ್ಧಪಡಿಸಿ ಆ ವರ್ಷದ ಡಿಸೆಂಬರ್ ಮುಗಿಯುವುದರೊಳಗೆ ಚುನಾವಣೆ ಮುಗಿಸಬೇಕೆಂದಿತು. ಡಿಸೆಂಬರ್ ಮುಗಿಯಿತು, ಚುನಾವಣೆ ಆಗಲಿಲ್ಲ.

2023ರಲ್ಲಿ ವಿಧಾನಸಭೆಯ ಚುನಾವಣೆಯಾಗಿ ಸರ್ಕಾರ ಬದಲಾಯಿತು. ಬದಲಾದ ಸರ್ಕಾರವು ಹಿಂದಿನವರು ಮಾಡಿದ ಭೂಪಟ ಪಕ್ಷಪಾತದಿಂದ ಕೂಡಿದೆಯೆಂದಿತು. ಇರಬಹುದು. ಆದರೆ ಅದರ ಪರಿಹಾರವಾಗಿ ಅವರು ಏನು ಮಾಡಿದರು? ಅದೇ ರೀತಿಯ ಅಧಿಕಾರಿಗಳ ಸಮಿತಿಯಿಂದ, ಅದೇ 2011ರ ಅಂಕಿಗಳಿಂದ, ಅದೇ 15 ದಿನಗಳ ಆಕ್ಷೇಪಣೆಯ ಗಡುವಿನಿಂದ ಸೆಪ್ಟೆಂಬರ್ ತಿಂಗಳಿಗೆ 225 ವಾರ್ಡುಗಳ ಬೇರೊಂದು ಭೂಪಟವನ್ನು ಹೊರತಂದರು. ಅದಕ್ಕಾದರೂ ಚುನಾವಣೆ ನಡೆಯಿತೆ? ಇಲ್ಲ. ನಗರವನ್ನು ಒಡೆಯುವ ಮಸೂದೆ 2024ರಲ್ಲಿ ಬಂದಿತು, 2025ರಲ್ಲಿ ಶಾಸನವಾಯಿತು. ಆ ವರ್ಷದ ಸೆಪ್ಟೆಂಬರ್ 2ರಂದು ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ನವೆಂಬರಿನಲ್ಲಿ ವಾರ್ಡುಗಳು ನಿಶ್ಚಯವಾದವು: ಕೇಂದ್ರಕ್ಕೆ 63, ಉತ್ತರಕ್ಕೆ 72, ದಕ್ಷಿಣಕ್ಕೆ 72, ಪೂರ್ವಕ್ಕೆ 50, ಪಶ್ಚಿಮಕ್ಕೆ 112. ಯಾವ ಪಕ್ಷದವರು ಅಧಿಕಾರದಲ್ಲಿದ್ದರೂ ಈ ವಿಷಯದಲ್ಲಿ ನಡತೆ ಒಂದೇ ಎಂಬುದನ್ನು ನಾವು ಯಾವ ದಾಕ್ಷಿಣ್ಯವೂ ಇಲ್ಲದೆ ಹೇಳಬೇಕಾಗಿದೆ. 2006ರ ನವೆಂಬರಿನಲ್ಲಿ ಹಳೆಯ ಸಭೆಯ ಅವಧಿ ಮುಗಿದಾಗಲೂ ಮುಂದಿನ ಚುನಾವಣೆ ನಡೆದದ್ದು 2010ರ ಮಾರ್ಚ್ 28ರಂದೇ ಎಂಬುದನ್ನು ಮರೆಯಬಾರದು. ಆಗಲೂ ಊರು ಬೆಳೆಯಿತು, ಎಲ್ಲೆ ಬದಲಾಗಬೇಕು ಎಂಬುದೇ ಸಬೂಬು.

ಈ ಐದು ಪಾಲಿಕೆಗಳ ಹಂಚಿಕೆಯಲ್ಲಿ ನಮ್ಮ ಮನಸ್ಸನ್ನು ಮುಖ್ಯವಾಗಿ ಕೊರೆಯುವ ಅಂಶ ಒಂದಿದೆ. ಪಶ್ಚಿಮಕ್ಕೆ ಒಟ್ಟು ಸ್ಥಾನಗಳಲ್ಲಿ ಹತ್ತಕ್ಕೆ ಮೂರು. ಪೂರ್ವಕ್ಕೆ ಏಳಕ್ಕೆ ಒಂದೂ ಪೂರ್ತಿಯಾಗಿ ಇಲ್ಲ. 2011ರ ಲೆಕ್ಕಕ್ಕೆ ಇದು ಸರಿಹೊಂದುವುದಾಗಿರಬಹುದು. ಆದರೆ ಪೂರ್ವವೆಂದರೆ ಮಹದೇವಪುರ ಮತ್ತು ಕೃಷ್ಣರಾಜಪುರಗಳ ಸೀಮೆ. 2011ರಿಂದೀಚೆಗೆ ಬೆಂಗಳೂರು ಬೆಳೆದದ್ದು ಯಾವ ದಿಕ್ಕಿಗೆ ಎಂದು ವೈಟ್‌ಫೀಲ್ಡ್ ರಸ್ತೆಯಲ್ಲಿ ಒಂದು ಬೆಳಗ್ಗೆ ನಿಂತವರಿಗೆ ಯಾವ ಖಾನೇಷುಮಾರಿಯೂ ಬೇಕಾಗುವುದಿಲ್ಲ. ಅಲ್ಲಿ ಬಂದು ನೆಲಸಿದ ಲಕ್ಷಾಂತರ ಜನರು ನೀರಿನ ಟ್ಯಾಂಕರಿನವನ ಲೆಕ್ಕದಲ್ಲಿದ್ದಾರೆ, ಆಸ್ತಿತೆರಿಗೆಯವರ ಲೆಕ್ಕದಲ್ಲಿದ್ದಾರೆ, ಮತದಾರರ ಪಟ್ಟಿಯಲ್ಲಿಯೂ ಬಹುಮಟ್ಟಿಗೆ ಇದ್ದಾರೆ. ಕೌನ್ಸಿಲರುಗಳ ಹಂಚಿಕೆಯ ಲೆಕ್ಕದಲ್ಲಿ ಮಾತ್ರ ಅವರು ಇನ್ನೂ ಹುಟ್ಟಿಯೇ ಇಲ್ಲ. ಹೊರಮಾವಿಗೆ ಆದ ಅನ್ಯಾಯವನ್ನು ತೊಡೆಯಲು ಹೊರಟವರು ಅದನ್ನು ಬೇರೊಂದು ಸ್ಥಳಕ್ಕೆ ಸಾಗಿಸಿದಂತಾಗಿದೆ. 2021ರಲ್ಲಿ ಆಗಬೇಕಾಗಿದ್ದ ಖಾನೇಷುಮಾರಿ ನಡೆಯಲಿಲ್ಲ. ಮುಂದಿನದಕ್ಕೆ ಕೇಂದ್ರ ಸರ್ಕಾರವು 2025ರಲ್ಲಿ ಗೊತ್ತುಪಡಿಸಿದ ಗಣನೆಯ ದಿನ 2027ರ ಮಾರ್ಚ್ 1. ಬೇರೆ ಅಂಕಿಗಳು ದೊರೆಯಲಿಲ್ಲವೆಂಬ ಸಮಾಧಾನವನ್ನು ಅಧಿಕಾರಿಗಳು ಹೇಳಬಲ್ಲರು. ಒಪ್ಪಬಹುದು. ಆದರೆ ಹಳೆಯ ಅಂಕಿಗಳೇ ಗತಿಯಾಗಿದ್ದ ಪಕ್ಷದಲ್ಲಿ, ಅವೇ ಅಂಕಿಗಳ ಮೇಲೆ ಮೂರು ಸಲ ಗೆರೆ ಎಳೆದು ಅಳಿಸುವ ಅವಶ್ಯಕತೆ ಏನಿತ್ತು? ಒಂದೇ ತಲೆಗಳನ್ನು ಮೂರು ಬಾರಿ ಎಣಿಸಿ ಮೂರು ಬೇರೆ ಬೇರೆ ಉತ್ತರ ತಂದ ಗಣಿತವಿದು.

ಇಂಗ್ಲೆಂಡಿನಲ್ಲಿ ಈ ಕಾರ್ಯಕ್ಕೆಂದೇ ಮಂತ್ರಿಗಳಿಗೆ ಅಧೀನವಲ್ಲದ, ಪಾರ್ಲಿಮೆಂಟಿಗೆ ಉತ್ತರ ಹೇಳತಕ್ಕ ಒಂದು ಆಯೋಗವು 2010ರಿಂದ ಇದೆ. ಅವರ ಕ್ರಮವನ್ನು ನಮ್ಮ ಅಧಿಕಾರಿವರ್ಗದವರು ಗಮನಿಸತಕ್ಕದ್ದು. ಮೊದಲು ಆ ಊರಿನ ಸಭೆಗೆ ಎಷ್ಟು ಕೌನ್ಸಿಲರುಗಳು ಬೇಕು, ಅವರಿಗೆ ಯಾವ ಯಾವ ಕೆಲಸವಿದೆ ಎಂದು ಸಭೆಯನ್ನೂ ಜನರನ್ನೂ ಕೇಳಿ ಸಂಖ್ಯೆಯನ್ನು ನಿಶ್ಚಯಿಸುತ್ತಾರೆ. ಗೆರೆ ಎಳೆಯುವುದು ಆಮೇಲೆ. ಒಬ್ಬ ಕೌನ್ಸಿಲರಿಗೆ ಬರುವ ಮತದಾರರ ಸಂಖ್ಯೆಯು ಸರಾಸರಿಗಿಂತ ನೂರಕ್ಕೆ ಹತ್ತರ ಆಚೆ ಹೋದರೆ ಅದಕ್ಕೆ ಬಲವಾದ ಕಾರಣ ಬೇಕು. ಹಾಗೂ, ನಾವು ಮುಖ್ಯವಾಗಿ ಹೇಳಬೇಕಾದುದು ಇದು, ಅವರು ಇಂದಿನ ಮತದಾರರನ್ನು ಮಾತ್ರ ಎಣಿಸುವುದಿಲ್ಲ. ಐದು ವರ್ಷಗಳ ಮುಂದೆ ಎಲ್ಲೆಲ್ಲಿ ಎಷ್ಟು ಮತದಾರರಿರಬಹುದೆಂದು ಅಂದಾಜುಮಾಡಿ ಅದಕ್ಕೂ ಹೊಂದುವಂತೆ ಎಲ್ಲೆ ಹಾಕುತ್ತಾರೆ. ಅವರ ದೃಷ್ಟಿ ಐದು ವರ್ಷ ಮುಂದಕ್ಕೆ. ನಮ್ಮದು ಹದಿನಾಲ್ಕು ವರ್ಷ ಹಿಂದಕ್ಕೆ. ಪರದೇಶದವರ ಎಲ್ಲವನ್ನೂ ಅನುಕರಿಸಬೇಕೆಂದು ಹೇಳುವ ಚಾಳಿ ನಮ್ಮದಲ್ಲ. ನೆರೆಯ ಕೇರಳವನ್ನೇ ನೋಡಬಹುದು: ಅಲ್ಲಿ ವಾರ್ಡುಗಳ ವಿಂಗಡಣೆಯ ಆಯೋಗಕ್ಕೆ ರಾಜ್ಯ ಚುನಾವಣಾ ಕಮಿಷನರೇ ಅಧ್ಯಕ್ಷರು, ಸರ್ಕಾರದ ಕಾರ್ಯದರ್ಶಿಗಳು ಸದಸ್ಯರು. ಅಲ್ಲಿಯೂ ದೂರುಗಳು ಇಲ್ಲದಿಲ್ಲ. ಆದರೆ ಮುಖ್ಯಾಸನದಲ್ಲಿ ಕುಳಿತವರು ಮಂತ್ರಿಗಳ ವರ್ಗಾವಣೆಯ ಆಜ್ಞೆಗೆ ಹೆದರಬೇಕಾದವರಲ್ಲ. ನಮ್ಮಲ್ಲಿ ಈ ಲೇಖನಿಯು ಮುಖ್ಯ ಆಯುಕ್ತರ ಕೈಯಲ್ಲಿ. ಅವರ ನೇಮಕವೋ ಸರ್ಕಾರದ ಕೈಯಲ್ಲಿ. ಅಧಿಕಾರಿಗಳ ಪ್ರಾಮಾಣಿಕತೆಯನ್ನು ನಾವು ಶಂಕಿಸುತ್ತಿಲ್ಲ. ಎಷ್ಟೇ ಪ್ರಾಮಾಣಿಕರಾದರೂ ಪಂದ್ಯದಲ್ಲಿ ಇಳಿದಿರುವ ಒಬ್ಬ ಜಟ್ಟಿಯ ಸಂಬಳದವರು ಅಖಾಡದ ಗೆರೆ ಹಾಕಬಾರದಷ್ಟೆ.

ಕೌನ್ಸಿಲರುಗಳ ಸಂಖ್ಯೆಯ ವಿಷಯ. 369 ಜನ ಅತಿಯಾಯಿತು, ಬೊಕ್ಕಸಕ್ಕೆ ಭಾರ ಎಂದು ಕ್ಲಬ್ಬುಗಳಲ್ಲಿ ಮಾತನಾಡುವವರ ಪಕ್ಷ ನಮ್ಮದಲ್ಲ. 2011ರ ಲೆಕ್ಕದಲ್ಲಿ ಇದು ವಾರ್ಡೊಂದಕ್ಕೆ ಸುಮಾರು 22,900 ಜನ. ಮುಂಬಯಿಯ 227 ವಾರ್ಡುಗಳಲ್ಲಿ ಒಂದೊಂದಕ್ಕೆ ಸುಮಾರು 55 ಸಾವಿರ. ವಾರ್ಡು ಚಿಕ್ಕದಾದಷ್ಟೂ ಕೌನ್ಸಿಲರನ ಮನೆಯ ಬಾಗಿಲು ಬಡವನಿಗೆ ಹತ್ತಿರವಾಗುತ್ತದೆ. ಹಣವಿಲ್ಲದವನೂ ಚುನಾವಣೆಗೆ ನಿಲ್ಲುವ ಧೈರ್ಯಮಾಡಬಲ್ಲನು. ಸ್ಥಾನಗಳಲ್ಲಿ ಅರ್ಧವು ಮಹಿಳೆಯರದಾಗಿರುವ ನಮ್ಮ ರಾಜ್ಯದಲ್ಲಿ ಇದು ಅಲ್ಪ ಪ್ರಯೋಜನವಲ್ಲ. 1949ರಲ್ಲಿ ಪೇಟೆಯ ಪೌರಸಭೆಯೂ ದಂಡಿನ ಪೌರಸಭೆಯೂ ಕೂಡಿ ಕಾರ್ಪೊರೇಷನ್ ಆದಾಗ 70 ಮಂದಿ ಚುನಾಯಿತ ಸದಸ್ಯರಿದ್ದರು. ಅಂದಿನ ಊರಿಗೂ ಇಂದಿನ ಊರಿಗೂ ಇರುವ ಅಂತರವನ್ನು ನೆನೆದರೆ 369 ಹೆಚ್ಚೇನೂ ಅಲ್ಲ. ನಮ್ಮ ಆತಂಕವಿರುವುದು ಸಂಖ್ಯೆಯಲ್ಲಲ್ಲ, ಒಡೆತದಲ್ಲಿ. ದೆಹಲಿಯವರು 2012ರಲ್ಲಿ ತಮ್ಮ ಪಾಲಿಕೆಯನ್ನು ಮೂರು ಮಾಡಿ 272 ವಾರ್ಡುಗಳನ್ನು ಹಂಚಿಕೊಂಡರು. ದಕ್ಷಿಣದ ಭಾಗಕ್ಕೆ ವರಮಾನವಿತ್ತು. ಉತ್ತರ ಮತ್ತು ಪೂರ್ವ ಭಾಗಗಳು ಜಾಡಮಾಲಿಗಳ ಸಂಬಳ ಕೊಡಲೂ ತತ್ತರಿಸಿದವು. ಹತ್ತು ವರ್ಷ ಅನುಭವಿಸಿ, 2022ರಲ್ಲಿ ಮೂರನ್ನೂ ಪುನಃ ಒಂದುಮಾಡಿದರು. ವಾರ್ಡುಗಳು 250ಕ್ಕೆ ಇಳಿದವು. ಆ ವರ್ಷದ ಏಪ್ರಿಲಿನಲ್ಲಿ ಆಗಬೇಕಾಗಿದ್ದ ಚುನಾವಣೆಯು ಈ ಕೂಡಿಕೆಯ ನೆವದಿಂದ ಡಿಸೆಂಬರಿಗೆ ಹೋಯಿತು. ಒಡೆಯುವಾಗಲೂ ನೆವ, ಕೂಡಿಸುವಾಗಲೂ ನೆವ. ಮುಂಬಯಿಯಲ್ಲಿಯೂ 227 ವಾರ್ಡುಗಳನ್ನು ಒಂದು ಸರ್ಕಾರ 236 ಮಾಡಿ, ಇನ್ನೊಂದು ಸರ್ಕಾರ ಬಂದು ಮರಳಿ 227 ಮಾಡಿದ್ದುಂಟು. 2022ರ ಮಾರ್ಚಿನಲ್ಲಿ ಅವಧಿ ಮುಗಿದ ಸಭೆಗೆ ಚುನಾವಣೆ ನಡೆದದ್ದು 2026ರ ಜನವರಿ 15ರಂದು.

ಶಾಸನವು ಈ ವಿಷಯದಲ್ಲಿ ಮೂಕವಾಗಿದೆಯೆ? ಖಂಡಿತ ಇಲ್ಲ. 1993ರಲ್ಲಿ ಜಾರಿಗೆ ಬಂದ 74ನೆಯ ತಿದ್ದುಪಡಿಯ ಪ್ರಕಾರ, ಸಂವಿಧಾನದ 243-ಯು ವಿಧಿಯಲ್ಲಿ, ಪೌರಸಭೆಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಲ್ಲ. ಅವಧಿ ಮುಗಿಯುವ ಮುನ್ನವೇ ಮುಂದಿನ ಚುನಾವಣೆ ಮುಗಿದಿರತಕ್ಕದ್ದು. ಅಹಮದಾಬಾದ್ ಪಾಲಿಕೆಯ ವ್ಯಾಜ್ಯದಲ್ಲಿ 2006ರಲ್ಲಿಯೇ ಸುಪ್ರೀಂ ಕೋರ್ಟು ಈ ಗಡುವನ್ನು ಮೀರಕೂಡದೆಂದು ಹೇಳಿತು. 2022ರ ಮೇ 10ರಂದು ಮಧ್ಯಪ್ರದೇಶದ ವ್ಯಾಜ್ಯದಲ್ಲಿ ಇನ್ನೂ ಸ್ಪಷ್ಟವಾಗಿ, ವಾರ್ಡು ವಿಂಗಡಣೆ ನಡೆಯುತ್ತಿದೆಯೆಂಬುದು ಚುನಾವಣೆಯನ್ನು ಮುಂದೂಡಲು ಕಾರಣವಾಗಲಾರದು, ಇದ್ದ ವಾರ್ಡುಗಳಿಗೇ ನಡೆಯಿಸಿ ಎಂದಿತು. ಇಷ್ಟಾದರೂ ವಿಂಗಡಣೆಯ ಅಧಿಕಾರ ಸರ್ಕಾರದ ಹತ್ತಿರ, ಚುನಾವಣೆಯ ಹೊಣೆ ರಾಜ್ಯ ಚುನಾವಣಾ ಆಯೋಗದ ಹತ್ತಿರ. ಬೀಗದ ಕೈ ಒಬ್ಬರಲ್ಲಿಟ್ಟು ಬಾಗಿಲು ತೆರೆಯುವ ಹೊಣೆಯನ್ನು ಮತ್ತೊಬ್ಬರಿಗೆ ವಹಿಸಿದ ಹಾಗೆ. ಇದು ಬೆಂಗಳೂರಿನೊಂದರ ಕಥೆಯೂ ಅಲ್ಲ. ಹುಬ್ಬಳ್ಳಿ-ಧಾರವಾಡದ ಸಭೆಯ ಅವಧಿ 2019ರ ಮಾರ್ಚಿನಲ್ಲಿ ಮುಗಿದಿತ್ತು. 67 ವಾರ್ಡುಗಳನ್ನು 82 ಮಾಡಿ ಚುನಾವಣೆ ನಡೆಯಿಸಿದ್ದು 2021ರ ಸೆಪ್ಟೆಂಬರ್ 3ರಂದು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಕ್ಷೇತ್ರ ವಿಂಗಡಣೆಯನ್ನು 2021ರಲ್ಲಿ ಶಾಸನದ ತಿದ್ದುಪಡಿಯಿಂದ ಚುನಾವಣಾ ಆಯೋಗದ ಕೈಯಿಂದಲೇ ತೆಗೆದುಕೊಂಡರು. 2016ರಲ್ಲಿ ಚುನಾವಣೆ ಕಂಡ ಆ ಪಂಚಾಯಿತಿಗಳಿಗೆ 2025ರ ಕೊನೆಯವರೆಗೂ ಎರಡನೆಯ ಚುನಾವಣೆಯ ಭಾಗ್ಯ ಒದಗಲಿಲ್ಲ.

ಕೌನ್ಸಿಲರುಗಳಿಲ್ಲದೆ ಊರು ಚೆನ್ನಾಗಿಯೇ ನಡೆಯಿತು, ಗಲಾಟೆ ಕಡಮೆಯಾಯಿತು ಎಂದು ಹೇಳುವ ಅಧಿಕಾರಿಗಳುಂಟು. ಈ ಪತ್ರಿಕೆಯನ್ನು ಓದುವವರಲ್ಲಿಯೂ ಅಂಥವರಿರಬಹುದು. ಅವರೊಡನೆ ನೇರವಾಗಿಯೇ ಮಾತನಾಡುತ್ತೇವೆ. ಕೌನ್ಸಿಲರುಗಳೆಲ್ಲರೂ ಸತ್ಯಹರಿಶ್ಚಂದ್ರರೆಂದು ನಾವು ವಾದಿಸಲಾರೆವು. ಗುತ್ತಿಗೆದಾರರ ಸಹವಾಸದಲ್ಲಿ ಸವೆದುಹೋದವರನ್ನು ನಾವೂ ಬಲ್ಲೆವು. ಆದರೆ 2025-26ನೆಯ ಸಾಲಿಗೆ 19 ಸಾವಿರ ಕೋಟಿ ರೂಪಾಯಿಗಳಿಗೂ ಮೇಲ್ಪಟ್ಟ ಆಯವ್ಯಯವನ್ನು ಅಧಿಕಾರಿಗಳೇ ಬರೆದು, ಅಧಿಕಾರಿಗಳೇ ಓದಿ, ಅಧಿಕಾರಿಗಳೇ ಒಪ್ಪಿದರು. ಯಾವ ರಸ್ತೆಗೆ ಏಕೆ ಇಷ್ಟು ಎಂದು ಎದ್ದುನಿಂತು ಕೇಳುವ ಹಕ್ಕುಳ್ಳವನು ಆ ಕೊಠಡಿಯಲ್ಲಿ ಒಬ್ಬನೂ ಇರಲಿಲ್ಲ. ವಾರ್ಡಿನ ಕೆಲಸಗಳ ಮಾತು ಎಂದಿನಂತೆ ಶಾಸಕರ ಮನೆಯ ಜಗುಲಿಗೆ ಹೋಯಿತು. ಕೌನ್ಸಿಲರು ಇಲ್ಲದ ಐದು ವರ್ಷಗಳಲ್ಲಿ ಯಾರ ಪ್ರಭಾವ ಬೆಳೆಯಿತೆಂದು ನೋಡಿದರೆ, ವಿಂಗಡಣೆಯು ಏಕೆ ಮುಗಿಯುತ್ತಿರಲಿಲ್ಲವೆಂಬುದೂ ಸ್ವಲ್ಪಮಟ್ಟಿಗೆ ತಿಳಿಯುತ್ತದೆ. ಪಕ್ಷಭೇದವಿಲ್ಲದೆ ಶಾಸಕರಿಗೆ ಈ ವಿಳಂಬ ಕಹಿಯಾಗಿರಲಿಲ್ಲ.

ಅಸಮವಾದ ಹಳೆಯ ವಾರ್ಡುಗಳಿಗೇ 2020ರಲ್ಲಿ ಚುನಾವಣೆ ನಡೆದಿದ್ದರೆ ಹೊರಮಾವಿನವನಿಗೆ ಮತದ ಮೂರನೆಯ ಒಂದು ಪಾಲಾದರೂ ಸಿಗುತ್ತಿತ್ತು. ನ್ಯಾಯದ ಹೆಸರಿನಲ್ಲಿ ಅವನಿಗೆ ಕೊಟ್ಟದ್ದು ಸೊನ್ನೆ.

2027ರ ಖಾನೇಷುಮಾರಿಯ ಅಂಕಿಗಳು ಹೊರಬಂದೊಡನೆ ಈ 369 ವಾರ್ಡುಗಳ ಭೂಪಟವೂ ಹಳತಾಗುವುದು. ಪೂರ್ವಕ್ಕೆ ಸ್ಥಾನ ಹೆಚ್ಚಬೇಕೆಂಬ ಕೂಗು ಏಳುವುದು, ಏಳಬೇಕಾದದ್ದೇ. ಆದುದರಿಂದ ಗೆರೆಗಳ ಮಾತು ಬರುವುದಕ್ಕೆ ಮುಂಚೆ ಶಾಸನಸಭೆಯವರು ಎರಡು ತಿದ್ದುಪಡಿಗಳನ್ನು ಮಾಡಲಿ. ಪೌರಸಭೆ ಪಂಚಾಯಿತಿಗಳೆರಡರ ವಿಂಗಡಣೆಯನ್ನೂ ಮೀಸಲು ಸ್ಥಾನಗಳ ಆವರ್ತನವನ್ನೂ ರಾಜ್ಯ ಚುನಾವಣಾ ಕಮಿಷನರ ಅಧ್ಯಕ್ಷತೆಯ ಆಯೋಗಕ್ಕೆ ವಹಿಸಿ, ಕರಡಿನ ಮೇಲೆ ಆಕ್ಷೇಪಣೆಗೆ ಕಡಮೆಯೆಂದರೆ ಎರಡು ತಿಂಗಳು ಕೊಟ್ಟು, ವಾರ್ಡು ವಾರ್ಡಿನಲ್ಲಿ ಬಹಿರಂಗವಾಗಿ ವಿಚಾರಣೆ ನಡೆಯುವಂತೆ ಮಾಡುವುದು ಒಂದು. ಸಭೆಯ ಅವಧಿ ಮುಗಿಯುವುದಕ್ಕೆ ಒಂದು ವರ್ಷ ಮುಂಚಿತವಾಗಿ ಹೊಸ ಎಲ್ಲೆಗಳು ಗೆಜೆಟ್ಟಿನಲ್ಲಿ ಬಾರದಿದ್ದ ಪಕ್ಷದಲ್ಲಿ ಹಳೆಯ ಎಲ್ಲೆಗಳಿಗೇ ಚುನಾವಣೆಯು ತಾನಾಗಿ ನಡೆಯತಕ್ಕದ್ದೆಂದು ವಿಧಿಸುವುದು ಇನ್ನೊಂದು. ಈ ಎರಡನೆಯದಕ್ಕೆ ಹಣ ಬೇಡ, ಹೊಸ ಇಲಾಖೆ ಬೇಡ, ಒಂದು ವಾಕ್ಯ ಸಾಕು. ಈ ಮಸೂದೆಯನ್ನು ಸದನದಲ್ಲಿ ತರಲು ಯಾವ ಪಕ್ಷದ ಸದಸ್ಯರು ಎದ್ದುನಿಲ್ಲುವರೆಂಬುದನ್ನು ನಾವು ನೋಡುತ್ತಿರುತ್ತೇವೆ.